ಗಾಳಿಗೆ ಅಸ್ತರ

ಸಾರವಾಡದ ನಮ್ಮ ಹೊಲದಲ್ಲಿ ಎರಡು ಬೇವಿನ ಮರಗಳ ನಡುವೆ ಜೋಲಿ ಕಟ್ಟಿ ನನ್ನ ಮಾವನವರು ಮಲಗುತ್ತಿದ್ದರು. ಆ ಜೋಲಿಯಲ್ಲಿ ಅವರ ಕಾಲು ಬೆಚ್ಚಗೆ ಇಟ್ಟವಳು ನಾನು. ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನನ್ನಿಂದ ವಿನಯ ನಿರೀಕ್ಷಿಸಬೇಡಿ. ಉಳಿದ ವಿಷಯಗಳಲ್ಲಿಯೂ ಅದು ನನಗೆ ಅಷ್ಟಾಗಿ ಒಗ್ಗಿದ್ದಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಅಂಗಡಿ ಇಟ್ಟಿದ್ದ ಟೇಲರನ ಮಗಳು ನಾನು. ಮದುವೆಯಾಗಿ ಸಾರವಾಡಕ್ಕೆ ಬಂದಾಗ ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ನಾನು ಬಡಿದ ರೊಟ್ಟಿಗೆ ಮೂಲೆಗಳಿರುತ್ತಿದ್ದವು. ಓಣಿಯವರ ಬಾಯಲ್ಲಿ ನಾನು ‘ಪ್ಯಾಟಿ ಹುಡುಗಿ’ ಆದೆ. ಅತ್ತೆಯವರು ಟಿಕೋಟಾದವರು. ಕೌದಿ ಹೊಲಿಯುವುದರಲ್ಲಿ ಅವರ ಕೈ ಸುತ್ತ ಹತ್ತೂರಿಗೆ ಹೆಸರಾಗಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಇರುವೆ ಸಾಲಿನಂಥ ಹೊಲಿಗೆ ಹಾಕಿ, ಕಡೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ಚಪಾತಿ ಇಡುತ್ತಿದ್ದರು. ಹಸಿದ ಕೌದಿ ಮೈ ಬೆಚ್ಚಗಿಡುವುದಿಲ್ಲವಂತೆ. ಮೊದಲ ಸಲ ಅದನ್ನು ನೋಡಿದಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ.

ಮಾವನವರು ಮೊಣಕಾಲು ನೋವಿನಿಂದ ಎರಡು ವರ್ಷದ ಹಿಂದೆಯೇ ನೇಗಿಲು ಬಿಟ್ಟಿದ್ದರು. ಹಿಂಗಾರಿ ಜೋಳ ತೆನೆ ಹಿಡಿದ ಮೇಲೆ ಹಂದಿ ಬರದಂತೆ ಹೊಲ ಕಾಯುವುದೊಂದೇ ಅವರಿಗೆ ಉಳಿದಿದ್ದ ಕೆಲಸ. ಅಟ್ಟಣಿಗೆ ಹತ್ತಲು ಮೊಣಕಾಲು ಕೇಳುತ್ತಿರಲಿಲ್ಲ. ನೆಲದ ಮೇಲೆ ಮಲಗೋಣವೆಂದರೆ ಎರೆಮಣ್ಣಿನ ಬಿರುಕಿನಿಂದ ಎದ್ದು ಬಂದ ಚೇಳು ಹಿಂದಿನ ವರ್ಷ ಕಡಿದಿತ್ತು. ಅದಕ್ಕೇ ಪಾಸೋಡಿ ಎಂಬ ದಪ್ಪ ಹತ್ತಿಯ ಹೊದಿಕೆಯ ಎರಡೂ ತುದಿಗೆ ಹಗ್ಗ ಬಿಗಿದು ಜೋಲಿ ಮಾಡಿಕೊಂಡಿದ್ದರು.

ಎಳ್ಳ ಅಮಾವಾಸ್ಯೆ ದಾಟಿದ ಮೇಲೆ ಚಳಿ ಏರಿತು. ಮುಂಜಾನೆ ಮನೆಗೆ ಬಂದವರು ನೇರವಾಗಿ ಬಚ್ಚಲ ಒಲೆಯ ಮುಂದೆ ಕೂತು ಎರಡೂ ಕಾಲು ಚಾಚುತ್ತಿದ್ದರು. ಬೆರಳುಗಳು ಜೋಮು ಹಿಡಿದು, ಚಿವುಟಿದರೂ ತಿಳಿಯುತ್ತಿರಲಿಲ್ಲ. ಅತ್ತೆಯವರು ಕುಸುಬಿ ಎಣ್ಣೆ ಕಾಯಿಸಿ ತಿಕ್ಕಿದ ಮೇಲೆಯೇ ಅವರಿಗೆ ಸರಿಯಾಗಿ ನಡೆಯಲು ಬರುತ್ತಿತ್ತು. ಒಂದು ದಿನ ಅಂಗಳದಲ್ಲಿ ಎಡವಿ ಬಿದ್ದೇಬಿಟ್ಟರು. ನಮ್ಮವರು ಎತ್ತಿ ಕೂಡಿಸಿ, ಇನ್ನು ಎಂಟು ದಿನ ನೋಡುತ್ತೇನೆ, ಕಾಲು ಹೀಗೇ ಇದ್ದರೆ ಹೊಲಕ್ಕೆ ಆಳು ಹಚ್ಚುತ್ತೇನೆ, ನೀವು ಮನೆಯಲ್ಲಿ ಮಲಗಿರಿ ಎಂದರು. ಮಾವನವರು ಮಗನ ಕೈ ಸರಿಸಿದರು.

“ಹೊಲ ಕಾಯೂದೊಂದ ಉಳದೈತಿ ನನಗ. ಅದನ್ನೂ ಕಸಗೊಂಡ್ರ ನಾ ಈ ಮನ್ಯಾಗ ಏನಂತ ಇರ್ಲಿ?” ಎಂದರು.

ಆ ಮಾತು ನನಗೆ ನಾಟಿತು. ಕೆಲಸ ಬಾರದವಳು ಎನಿಸಿಕೊಂಡು ಅದೇ ಮನೆಯಲ್ಲಿ ನಾನೂ ಇದ್ದೆನಲ್ಲ.

ಅತ್ತೆಯವರು ಕೌದಿಯ ಮೇಲೆ ಕೌದಿ ಕಳಿಸಿದರು. ಮೂರು ಕೌದಿಯ ಭಾರಕ್ಕೆ ಮಾವನವರಿಗೆ ಹೊರಳಲು ಆಗಲಿಲ್ಲ, ಕಾಲು ಮಾತ್ರ ಕಲ್ಲಾಗಿಯೇ ಇದ್ದವು. ಇಟ್ಟಂಗಿ ಕಾಯಿಸಿ ಗೋಣಿಯಲ್ಲಿ ಸುತ್ತಿ ಕಾಲಬಳಿ ಇಟ್ಟರು. ಜೋಲಿಯ ನಡು ತಗ್ಗು, ಕಾಲಿನ ಕಡೆ ಎತ್ತರ. ಇಟ್ಟಂಗಿ ಜಾರಿ ಸೊಂಟದ ಕೆಳಗೆ ಬಂದು ಕೂತಿತು. ಸೊಂಟ ಬೆಂದಿತು, ಕಾಲು ಬೇಯಲಿಲ್ಲ. ನಾನು ವಿಜಾಪುರದ ಗಾಂಧಿ ಚೌಕದಿಂದ ಎರಡು ಜೊತೆ ಕಾಲುಚೀಲ ತರಿಸಿಕೊಟ್ಟೆ. ಎರಡನ್ನೂ ಒಂದರ ಮೇಲೊಂದು ಹಾಕಿಕೊಂಡಾಗ ಬಿಗಿಯಾಗಿ ಜೋಮು ಇನ್ನೂ ಹೆಚ್ಚಾಯಿತು. ಅತ್ತೆಯವರು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಹೀಗೆ ನಾಲ್ಕು ದಿನ ಹೋದವು. ಐದನೆಯ ದಿನ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದೆ. ಮಾವನವರು ಬಾವಿಯ ಕಡೆ ಹೋಗಿದ್ದರು. ಜೋಲಿ ಖಾಲಿ ತೂಗಾಡುತ್ತಿತ್ತು. ಮಾವ ಮಲಗುವ ಜಾಗದಲ್ಲಿ ಸೊಸೆ ಮಲಗುವುದೆಂದರೆ ಊರು ಎರಡಾಗುವ ಸಂಗತಿ. ಆದರೂ ಆ ಕಡೆ ಈ ಕಡೆ ನೋಡಿ ಹತ್ತಿ ಮಲಗಿದೆ, ಮೇಲೊಂದು ಕೌದಿಯನ್ನೂ ಹೊದ್ದುಕೊಂಡೆ. ಬಿಸಿಲಿದ್ದರೂ ಗಾಳಿ ಚುರುಕಾಗಿತ್ತು. ಸ್ವಲ್ಪ ಹೊತ್ತಿಗೆ ನನ್ನ ಹಿಮ್ಮಡಿಗೆ ಚಳಿ ಹತ್ತಿತು, ಅದೂ ಕೆಳಗಿನಿಂದ. ಕೌದಿ ಇದ್ದದ್ದು ಮೇಲೆ, ಗಾಳಿ ಬೀಸುತ್ತಿದ್ದದ್ದು ಕೆಳಗೆ. ನಡುವೆ ಇದ್ದದ್ದು ಹಿಮ್ಮಡಿಯ ಭಾರಕ್ಕೆ ಬಿಗಿದು ತೆಳ್ಳಗಾಗಿದ್ದ ಪಾಸೋಡಿ ಒಂದೇ. ಕಳ್ಳ ಹಿತ್ತಲಿನಿಂದ ಬರುತ್ತಿದ್ದರೆ ನಾವು ಮನೆಯವರೆಲ್ಲ ಸೇರಿ ಮುಂಬಾಗಿಲಿಗೆ ಕೀಲಿ ಹಾಕುತ್ತ ಕೂತಿದ್ದೆವು.

ಅಷ್ಟರಲ್ಲಿ ಕೆಮ್ಮು ಕೇಳಿಸಿತು. ಮಾವನವರು ನನಗೆ ಬೆನ್ನು ಹಾಕಿ, ಜೋಳದ ಕಡೆ ಮುಖ ಮಾಡಿ, ನಾನು ಇಳಿದು ಸೆರಗು ಸರಿಮಾಡಿಕೊಳ್ಳುವ ತನಕ ಕೆಮ್ಮುತ್ತಲೇ ನಿಂತಿದ್ದರು. ಆ ಸಂಗತಿಯನ್ನು ಅವರು ಸಾಯುವ ತನಕ ಯಾರಿಗೂ ಹೇಳಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅಪ್ಪನ ಅಂಗಡಿಯ ಮಾತೊಂದು ನೆನಪಾಯಿತು: ಕೋಟಿನ ಬಿಸಿ ಅರಿವೆಯಲ್ಲಿಲ್ಲ, ಅಸ್ತರದಲ್ಲಿದೆ. ಕೋಟಿಗೆ ಒಳಪದರವಾಗಿ ಅಸ್ತರ ಹಚ್ಚುತ್ತಾರೆ, ಜೋಲಿಗೆ ಹೊರಗೆ ಹಚ್ಚಿದರಾಯಿತು. ಅತ್ತೆಯವರಲ್ಲಿ ಒಂದು ಕೌದಿ ಕೇಳಿದೆ, ಜೋಲಿಯ ಕೆಳಗೆ ಹೊಲಿಯಲು. ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು.

“ಹಿರ್ಯಾರ ಸೀರಿ ಅದಾವು ಅದರಾಗ. ಕಾಲ ಕೆಳಗ ಹಾಕ್ತೀಯೇನ ಬೇ?”

ನನಗೆ ಸಿಟ್ಟು ಬಂತು. ಅಪ್ಪನಿಗೆ ಹೇಳಿ ಕಳಿಸಿದೆ. ಮರುದಿನದ ಬಸ್ಸಿಗೆ ಒಂದು ಗಂಟು ಬಂತು, ಅದರ ತುಂಬ ಕೋಟಿನ ಉಣ್ಣೆ ಅರಿವೆಯ ತುಂಡುಗಳು. ಮೇಲೆ ಕೆಳಗೆ ನನ್ನ ಹಳೆಯ ಲಂಗಗಳನ್ನು ಹಾಕಿ, ನಡುವೆ ಆ ತುಂಡುಗಳನ್ನು ಹಾಸಿ, ಹಗಲೆಲ್ಲ ಕೂತು ಹೊಲಿದೆ. ಅದನ್ನು ಪಾಸೋಡಿಯ ಹೊರಮೈಗೆ ಹಚ್ಚಿ, ಕಾಲಿನ ತುದಿಯಲ್ಲಿ ಮೇಲಕ್ಕೆ ಮಡಚಿ ಎರಡೂ ಪಾದ ಹೊಗುವಂತೆ ಮುಚ್ಚಿದೆ. ಅತ್ತೆಯವರು ಬಂದು ನೋಡಿ, ಇದು ಕೌದಿಯಲ್ಲ, ಚೀಲ ಎಂದು ಹೋದರು. ಕೌದಿಯಲ್ಲದಿದ್ದರೆ ಇದಕ್ಕೆ ಊಟವೇಕೆ ಎಂದು ನಾನೂ ಕಡೆಯ ಮೂಲೆಯನ್ನು ಬರಿದೇ ಹೊಲಿದುಬಿಟ್ಟೆ.

ಮೊದಲ ಮುಂಜಾನೆ ಮಾವನವರು ಮತ್ತೆ ಬಚ್ಚಲ ಒಲೆಗೇ ಬಂದರು. ನನಗೆ ಅಳು ಬಂತು. ಆಮೇಲೆ ಜೋಲಿ ತರಿಸಿ ನೋಡಿದರೆ ತಪ್ಪು ಕಣ್ಣಿಗೆ ಬಿತ್ತು. ಪಾಸೋಡಿಗೆ ಅಂಟಿಕೊಳ್ಳುವ ಹಾಗೆ ಬಿಗಿಯಾಗಿ ಹೊಲಿದಿದ್ದೆ. ಮೈಭಾರಕ್ಕೆ ಅದೂ ಚಪ್ಪಟೆಯಾಗಿ, ಇದ್ದೂ ಇಲ್ಲದಂತಾಗಿತ್ತು. ಅಸ್ತರ ಸಡಿಲ ಬಿಡಬೇಕು ಎಂಬುದು ಟೇಲರನ ಮನೆಯ ಮೊದಲ ಪಾಠ. ಹಟದ ಭರದಲ್ಲಿ ನಾನೇ ಅದನ್ನು ಮರೆತಿದ್ದೆ. ಎಲ್ಲ ಬಿಚ್ಚಿ, ಅಂಚಿಗಷ್ಟೇ ಹೊಲಿದು, ಕೆಳಗೆ ನಾಲ್ಕು ಬೆರಳು ಜೋತು ಬೀಳುವಂತೆ ಬಿಟ್ಟೆ.

ಅದು ಎಂಟನೆಯ ದಿನ. ಮರುದಿನ ಮುಂಜಾನೆ ಒಲೆಯ ಮುಂದೆ ಮಣೆ ಹಾಕಿ ಕಾದೆವು. ಅತ್ತೆಯವರ ಕೈಯಲ್ಲಿ ಎಣ್ಣೆಯ ಬಟ್ಟಲಿತ್ತು. ಮಾವನವರು ಬಂದರು, ಒಲೆಯನ್ನು ದಾಟಿ ನೆಟ್ಟಗೆ ದನದ ಕೊಟ್ಟಿಗೆಗೆ ನಡೆದು ಎತ್ತುಗಳ ಕಣ್ಣಿ ಬಿಚ್ಚತೊಡಗಿದರು. ನಮ್ಮವರು ಮತ್ತೆ ಆಳಿನ ಮಾತೆತ್ತಲಿಲ್ಲ.

ಆ ವಾರ ಮಾವನವರೂ ನಮ್ಮವರೂ ಬಬಲೇಶ್ವರದ ಸಂತೆಗೆ ಹೋದಾಗ ಯಾರೋ ಕಾಲಿನ ಸುದ್ದಿ ಕೇಳಿದರಂತೆ. ಮಾವನವರು ಹೇಳಿದ್ದನ್ನು ನಮ್ಮವರು ಅಡುಗೆಮನೆಯ ಬಾಗಿಲಿಗೆ ಬಂದು ನನಗೆ ಒಪ್ಪಿಸಿದರು.

“ನಮ್ಮ ಸೊಸಿ ಗಾಳಿಗೆ ಅಸ್ತರ ಹಚ್ಯಾಳ.”

ಅಂದು ನನ್ನ ರೊಟ್ಟಿಗಳು ಎಂದಿಗಿಂತ ಸೊಟ್ಟಗಾದವು, ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮರುದಿನ ಮಧ್ಯಾಹ್ನ ನೋಡುತ್ತೇನೆ, ಅತ್ತೆಯವರು ಜೋಲಿಯನ್ನು ಮನೆಗೆ ತರಿಸಿಕೊಂಡು, ಪಡಸಾಲೆಯಲ್ಲಿ ಕೂತು ನನ್ನ ಹೊಲಿಗೆಯನ್ನು ಕತ್ತರಿಯಿಂದ ಬಿಚ್ಚುತ್ತಿದ್ದರು. ನನ್ನ ಮೈ ಉರಿಯಿತು. ಏನು ಮಾಡುತ್ತಿದ್ದೀರಿ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಅವರು ತಲೆ ಎತ್ತಲಿಲ್ಲ. ಬಿಚ್ಚಿದ್ದು ಕಡೆಯ ಮೂಲೆಯನ್ನು ಮಾತ್ರ. ಸೆರಗಿನ ಗಂಟಿನಿಂದ ಒಂದು ಚೂರು ಚಪಾತಿ ತೆಗೆದು ಒಳಗಿಟ್ಟು, ತಮ್ಮ ಸಣ್ಣ ಹೊಲಿಗೆಯಿಂದ ಮೂಲೆ ಮುಚ್ಚಿ, ಹಲ್ಲಿನಿಂದ ದಾರ ಕಡಿದರು.

“ಇಷ್ಟ ಛಲೋ ಕೌದಿ ಹೊಲಿದು ಉಪಾಸ ಕೆಡವೀಯಲ್ಲ ಬೇ,” ಎಂದರು.

ಕೌದಿ ಎಂದಿದ್ದರು. ಸಂಜೆ ಆ ಜೋಲಿಯನ್ನು ಹೆಗಲ ಮೇಲೆ ಹೊತ್ತು ಹೊಲಕ್ಕೆ ಹೊರಟವರು ಅತ್ತೆಯವರೇ. ಬುತ್ತಿ ಹಿಡಿದು ನಾನು ಹಿಂದೆ ನಡೆದೆ. ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತಿದ್ದರು. ನಾನು ಬೇಕೆಂದೇ ನಿಧಾನ ನಡೆದೆ.