ಅಂಜನಮ್ಮ ಎತ್ತಿದ ಕೈ

ಅಂಜನಮ್ಮ ಮಾದನಾಯಕನಹಳ್ಳಿಯವಳು. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಹನ್ನೆರಡು ವರ್ಷದಿಂದ ಕಸ ಗುಡಿಸುತ್ತಾಳೆ. ಕಬ್ಬಿಣದ ಒಂದು ಚೂರೂ ಯಾರ ಕಾಲಿಗೂ ಚುಚ್ಚದ ಹಾಗೆ ನೆಲ ಗುಡಿಸುವುದರಲ್ಲಿ ಅವಳದು ಎತ್ತಿದ ಕೈ. ನಾನು ಚಿಕ್ಕಮುನಿಯಪ್ಪ, ಅದೇ ಶೆಡ್ಡಿನ ಕ್ರೇನ್ ಆಪರೇಟರ್.

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ. ಎತ್ತು, ಇಳಿಸು ಎಂದು ಸನ್ನೆ ಕೊಡುವವನು ಒಬ್ಬನೇ. ನಿಲ್ಲಿಸು ಎಂದು ಮಾತ್ರ ಯಾರು ಬೇಕಾದರೂ ಕೈ ಎತ್ತಬಹುದು. ಮ್ಯಾನೇಜರಾಗಲಿ, ಕಸ ಗುಡಿಸುವವಳಾಗಲಿ, ಕೈ ಮೇಲೆ ಹೋಯಿತೆಂದರೆ ಕ್ರೇನ್ ನಿಲ್ಲಬೇಕು.

ಎರಡು ವರ್ಷದ ಹಿಂದೆ, ನಮ್ಮ ಶೆಡ್ಡಿನಲ್ಲೇ ಕೆಲಸಕ್ಕಿದ್ದ ಅವಳ ಗಂಡ ರಾಮಯ್ಯ, ಕ್ರೇನಿಗೆ ನೇತುಬಿದ್ದ ಕಬ್ಬಿಣದ ಪ್ಲೇಟಿನ ಕೆಳಗೆ ಸ್ಪ್ಯಾನರ್ ಹೆಕ್ಕಲು ಬಗ್ಗಿದ್ದ. ಮೇಲಿದ್ದ ನನಗೆ ಅವನು ಕಾಣುತ್ತಿರಲಿಲ್ಲ. ಸನ್ನೆ ಕೊಡುತ್ತಿದ್ದ ಈರೇಶನಿಗೆ ಕಂಬ ಅಡ್ಡ. ಅಂಜನಮ್ಮ ಪೊರಕೆ ಬಿಸಾಕಿ ಎರಡೂ ಕೈ ಎತ್ತಿ ನಿಂತಳು. ಅದನ್ನು ನಾನು ಕಂಡೆ. ಇವಳದೊಂದು ಕಿರಿಕಿರಿ ಅಂದುಕೊಂಡು ಇಳಿಸಿಬಿಟ್ಟೆ. ಎರಡು ಟನ್ ತೂಕ. ರಾಮಯ್ಯ ಕೂಗಲೂ ಇಲ್ಲ.

ವಿಚಾರಣೆಯಲ್ಲಿ "ಅವ್ಳು ಕೈ ಎತ್ತಿದ್ದು ನಂಗೆ ಕಾಣಿಸ್ಲಿಲ್ಲ ಸಾರ್" ಅಂದೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ! ಅವಳು ಬಾಗಿಲ ಹತ್ತಿರವೇ ನಿಂತು ಕೇಳಿಸಿಕೊಂಡಳು. ತಿಥಿ ಮುಗಿಸಿ ಬಂದು ಮತ್ತೆ ಪೊರಕೆ ಹಿಡಿದಳು. ನನ್ನ ಜೊತೆ ಮಾತು ಮಾತ್ರ ಬಿಟ್ಟಳು.

ಈ ವರ್ಷ ಕಂಪನಿಯವರು ನಮ್ಮನ್ನೆಲ್ಲ ಹೊನ್ನಾವರಕ್ಕೆ ಕರೆದೊಯ್ದರು. ಅಲ್ಲಿಂದ ಕರಾವಳಿಗುಂಟ ಹಾಯಿದೋಣಿಯಲ್ಲಿ ಮುರ್ಡೇಶ್ವರಕ್ಕೆ ಹೋಗುವುದೆಂದು ಗೊತ್ತಾಗಿತ್ತು. ಸಮುದ್ರವನ್ನೇ ಕಾಣದ ಅಂಜನಮ್ಮ ಹೊಸ ಸೀರೆ ಉಟ್ಟು ಮುಂದುಗಡೆ ಕೂತಿದ್ದಳು. ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಬರುವಷ್ಟರಲ್ಲಿ ಗಾಳಿ ಕೆಟ್ಟಿತು. ಆಚೆ ಆಳೆತ್ತರದ ಅಲೆಗಳು ಎದ್ದು ಒಡೆಯುತ್ತಿದ್ದವು.

"ವಾಪಸ್ ಹೋಗುವ ಸರ್, ಇವತ್ತು ಬೇಡ" ಎಂದ ದೋಣಿಯವ.

"ಬಸ್ಸು ಆಗ್ಲೇ ಮುರ್ಡೇಶ್ವರಕ್ಕೆ ಹೊರಟಾಯ್ತು ಕಣ್ರೀ. ಈಗ ಪ್ಲಾನ್ ಚೇಂಜ್ ಮಾಡಕ್ಕಾಗಲ್ಲ, ನಡೀರಿ" ಎಂದ ನಮ್ಮ ಎಚ್‌ಆರ್ ಲಿಖಿತ್.

ದೋಣಿಯವ ಗೊಣಗುತ್ತ ಮುಂದಕ್ಕೆ ಬಿಟ್ಟ. ಆಗ ಅಂಜನಮ್ಮ ಎದ್ದು ನಿಂತಳು. ಎರಡೂ ಕೈ ಮೇಲೆತ್ತಿದಳು.

ಶೆಡ್ಡಿನವರೆಲ್ಲ ನನ್ನ ಮುಖ ನೋಡಿದರು.

"ನಿಲ್ಸೋ! ಆಯಮ್ಮ ಕೈ ಎತ್ತವ್ಳೆ, ಕಾಣಲ್ವೇನೋ?" ಎಂದು ಕಿರುಚಿದೆ. ಲಿಖಿತ್ ಏನೋ ಅನ್ನಲು ಬಂದ. ಭುಜ ಒತ್ತಿ ಕೂರಿಸಿದೆ. ದೋಣಿ ತಿರುಗಿತು.

ದಡದಲ್ಲಿ ಅವಳನ್ನು ಇಳಿಸಲು ಕೈ ಚಾಚಿದೆ. ಹಿಡಿಯಲಿಲ್ಲ. ತಾನೇ ಇಳಿದು, ಒದ್ದೆ ಸೆರಗು ಹಿಂಡಿ, ನನ್ನನ್ನೇ ನೋಡಿದಳು. ಎರಡು ವರ್ಷದ ಮೇಲೆ ಮೊದಲ ಸಲ ಮಾತಾಡಿಸಿದಳು.

"ಇವತ್ತು ಕಾಣಿಸ್ತಾ, ಅಣ್ಣಾ?"