ಸಪ್ಪೆ ಕಾಣೆಯ ವ್ರತ

ಪುತ್ತಿಗೆಯ ಫ್ಲೋರಿನ್ ಬಾಯಿಗೆ ಮೆಣಸು ಅರೆಯದಿದ್ದರೆ ಅದು ಅಡುಗೆಯೇ ಅಲ್ಲ. ಹಾಗಾಗಿ ಈಸ್ಟರಿಗೆ ಮುಂಚೆ ಇಷ್ಟದ್ದೊಂದನ್ನು ಬಿಡುವ ತಪಸ್ಸುಕಾಲಕ್ಕೆ ಅವಳು ಬಿಟ್ಟದ್ದು ಮಸಾಲೆಯನ್ನೇ. ಮೊದಲ ಶುಕ್ರವಾರ ಕಾಣೆ ಮೀನಿಗೆ ಉಪ್ಪು, ಚೂರು ಅರಸಿನ ಮಾತ್ರ ಸವರಿ, ಬಾಳೆಲೆಯಲ್ಲಿ ಸುತ್ತಿ, ಸಣ್ಣ ಉರಿಯಲ್ಲಿ ಕಾವಲಿಯ ಮೇಲಿಟ್ಟಳು. ಎಲೆ ಬಿಡಿಸಿದಾಗ ಬಿಳಿ ಮೀನು ಪದರ ಪದರವಾಗಿ ಮುಳ್ಳು ಬಿಟ್ಟು ಬಂತು. ಕಷ್ಟಪಟ್ಟು ನುಂಗಬೇಕೆಂದು ಕುಳಿತವಳು ಮುಳ್ಳನ್ನೂ ಚೀಪಿದಳು.

"ಇಷ್ಟು ವರ್ಷ ಈ ರುಚಿ ಎಲ್ಲಿ ಅಡಗಿಸಿಟ್ಟಿದ್ದಿ ಮಾರಾಯ್ತಿ?" ಎಂದ ಗಂಡ ಸಿಪ್ರಿಯನ್, ಇನ್ನೊಂದಕ್ಕೆ ಕೈ ಹಾಕುತ್ತ.

ಫ್ಲೋರಿನ್ ಮುಖ ಗಂಟು ಹಾಕಿಕೊಂಡಳು. "ನಿಮಗೆ ರುಚಿ. ನನ್ನ ವ್ರತ ಎಂತ ಆಯ್ತು?"

ಮುಂದಿನ ಶುಕ್ರವಾರ ಕಾಣೆ ಕೆಂಪು ಮಸಾಲೆಯಲ್ಲಿ ಮುಳುಗಿತ್ತು. ಸಿಪ್ರಿಯನ್ ಹುಬ್ಬೇರಿಸಿದ.

"ಸುಮ್ಮನೆ ತಿನ್ನಿ," ಎಂದಳು. "ಇನ್ನು ಇದೇ ವ್ರತ. ಸಪ್ಪೆಯದ್ದು ಈಸ್ಟರಿಗೆ."