ಲೋಕೇಶಣ್ಣನ ನಿದ್ದೆ

ಸುಮಿತ್ರಕ್ಕ, ಅಂದು ನೀವು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಲಿಲ್ಲ. ಬೇರೆಯದನ್ನೇ ಹೇಳಿದೆ. ಗೊತ್ತಿದ್ದೂ ಹೇಳಿದೆ — ಇಷ್ಟನ್ನು ಮೊದಲು ಕಕ್ಕಿಬಿಡುತ್ತೇನೆ. ಇಲ್ಲದಿದ್ದರೆ ಎಂದಿನಂತೆ ಸುತ್ತಿ ಬಳಸಿ ಮಾತಾಡಿ, ನಿಮ್ಮ ಕೈಯ ಕಾಫಿ ಕುಡಿದು ಎದ್ದು ಹೋಗುತ್ತೇನೆ.

ಓಲ್ಡ್ ಬ್ರಿಡ್ಜ್ ಊರಿನಲ್ಲಿ ನಿಮ್ಮ ಮನೆಯ ಎದುರೇ ಕಾರಿನಲ್ಲಿ ಕೂತಿದ್ದೇನೆ. ಬಂದು, ನಿಲ್ಲಿಸಲಾಗದೆ, ಬ್ಲಾಕನ್ನು ಸುತ್ತಿ ಮತ್ತೆ ಬಂದೆ. ಇಂಜಿನ್ ಇನ್ನೂ ಆರಿಸಿಲ್ಲ. ಡ್ರೈವ್‌ವೇಯಲ್ಲಿ ನಿಮ್ಮ ಮಗಳು ಮೇಘಾಳ ಕಾರಿದೆ. ತಾನಿರುವ ಹೋಬೋಕನ್ನಿನಿಂದ ಬರುತ್ತಾಳೆ, ಉಳಿದ ಸಾಮಾನೆಲ್ಲ ತೆಗೆದುಕೊಂಡು ಹೋಗುತ್ತಾಳಂತೆ ಎಂದು ಫೋನಿನಲ್ಲಿ ಹೇಳಿದಿರಿ. ಹೇಳುವಾಗ ನಿಮ್ಮ ದನಿ... ಬೇಡ, ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಸೇರಿಸಿ ಹೇಳುತ್ತೇನೆ. ಬಾಗಿಲು ತೆರೆದಾಗ ತಡವರಿಸದಿರಲು ಇಲ್ಲೇ ಒಮ್ಮೆ ಬಾಯಿಗೆ ತಂದುಕೊಳ್ಳಬೇಕು.

ನಿಮ್ಮ ಗಂಡ ಲೋಕೇಶಣ್ಣ ರೈಲು ಓಡಿಸುತ್ತಿದ್ದರು. ಸಾಫ್ಟ್‌ವೇರಿನವರೇ ತುಂಬಿದ್ದ ನಮ್ಮ ಕನ್ನಡ ಕೂಟದಲ್ಲಿ ಅಂಥ ಕೆಲಸದವರು ಅವರೊಬ್ಬರೇ. ಮಕ್ಕಳಿಗೆಲ್ಲ ಟ್ರೇನ್ ಅಂಕಲ್. ನಾನು ರೈಲು ಅಪಘಾತಗಳ ತನಿಖೆ ನಡೆಸುವ ಕಚೇರಿಯಲ್ಲಿ ಬ್ರೇಕು ನೋಡುವವನು. ಯುಗಾದಿಯ ಊಟಕ್ಕೆ ಕೂಟದವರು ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸಿ, "ಒಬ್ರು ಓಡ್ಸೋರು, ಒಬ್ರು ಯಾಕೆ ಗುದ್ದಿದ್ರಿ ಅಂತ ಕೇಳೋರು" ಎಂದು ಕಾಲೆಳೆಯುತ್ತಿದ್ದರು. ಒಬ್ಬಟ್ಟು ಎಲೆಯ ಮೇಲಿರುವಾಗಲೇ ಲೋಕೇಶಣ್ಣ ಕೂತಲ್ಲೇ ನಿದ್ದೆಹೋಗುತ್ತಿದ್ದರು. ಗೊರಕೆ ಶುರುವಾದರೆ ಸಾಕು, "ಡೀಸೆಲ್ ಇಂಜಿನ್ ಸ್ಟಾರ್ಟ್ ಆಯ್ತಪ್ಪೋ!" ಎಂದು ಮೊದಲು ಕೂಗುತ್ತಿದ್ದವನು ನಾನೇ. ನಡುವೆ ಉಸಿರೇ ನಿಂತು, ಆಮೇಲೆ ಬೆಚ್ಚಿಬಿದ್ದವರಂತೆ ಎಳೆದುಕೊಳ್ಳುತ್ತಿದ್ದರಲ್ಲ, ಅದಕ್ಕೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ.

ಆಮೇಲೆ ಆ ಬೆಳಿಗ್ಗೆ. ಅವರ ರೈಲು ಕೊನೆಯ ನಿಲ್ದಾಣದೊಳಗೆ ಬಂದು, ನಿಲ್ಲದೆ, ಹಳಿಯ ತುದಿಯ ತಡೆಗೆ ಗುದ್ದಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಇಳಿಯಲೆಂದು ಬಾಗಿಲ ಬಳಿ ನಿಂತಿದ್ದ ನರ್ಸ್ ಒಬ್ಬರ ಸೊಂಟ ಮುರಿಯಿತು. ಬ್ರೇಕುಗಳನ್ನು ನಾನೇ ಪರೀಕ್ಷಿಸಿದೆ, ಚೆನ್ನಾಗಿಯೇ ಇದ್ದವು. ಅವನ್ನು ಯಾರೂ ಹಾಕಿರಲಿಲ್ಲ, ಅಷ್ಟೆ. ಲೋಕೇಶಣ್ಣ ಕುಡಿದಿರಲಿಲ್ಲ, ಫೋನ್ ಮುಟ್ಟಿರಲಿಲ್ಲ. ಪ್ಲಾಟ್‌ಫಾರ್ಮ್ ಕಂಡದ್ದು ನೆನಪಿದೆ, ಆಮೇಲೆ ನೆಲದ ಮೇಲಿದ್ದೆ ಎಂದರು. ಉಳಿದದ್ದು ನಿದ್ದೆಯೊಂದೇ.

ಅದನ್ನು ವಿಚಾರಿಸುವವಳು ನನ್ನ ಸಹೋದ್ಯೋಗಿ ಡೆನಿಸ್. ನಿಮ್ಮೊಡನೆ ಮಾತಾಡಬೇಕೆಂದಳು. ಅಂಗಡಿಗೆ ಸಾಕಾಗುತ್ತಿದ್ದ ನಿಮ್ಮ ಇಂಗ್ಲಿಷ್ ಇದಕ್ಕೆ ಸಾಲದು. ಮೇಘಾ ಇನ್ನೂ ಹೈಸ್ಕೂಲಿನಲ್ಲಿದ್ದಳು. ದುಭಾಷಿಯನ್ನು ಹುಡುಕುವುದೇಕೆ, ನಾನಿದ್ದೇನಲ್ಲ ಎಂದೆ. ಈ ಮನೆಯಲ್ಲಿ ಉಂಡವನು ನಾನು, ಇದು ನನ್ನಿಂದಾಗದು — ಹಾಗೆನ್ನಬೇಕಿತ್ತು. "ಒಂದೇ ಸಂಘದವರು, ಮುಖ ಪರಿಚಯ" ಎಂದು ತೇಲಿಸಿದೆ. ಅಷ್ಟರಲ್ಲಿ ಕೂಟದ ಅರ್ಧ ಜನ ನನಗೆ ಫೋನ್ ಮಾಡಿಯಾಗಿತ್ತು. "ಗಿರೀಶ್, ನೀವು ಅಲ್ಲೇ ಇದೀರಲ್ಲ, ಸ್ವಲ್ಪ ನೋಡ್ಕೊಳ್ಳಿ. ನಮ್ಮೋರಿಗೆ ನಮ್ಮೋರೇ ಆಗ್ಬೇಕು."

ಡೆನಿಸ್ ಕೇಳಿದಳು — ರಾತ್ರಿ ಹೇಗೆ ಮಲಗುತ್ತಾರೆ, ನಿದ್ದೆಯಲ್ಲಿ ಉಸಿರು ಕಟ್ಟುವುದುಂಟೆ? ನೀವು ಅವಳನ್ನು ನೋಡಲಿಲ್ಲ, ನನ್ನ ಮುಖ ನೋಡಿದಿರಿ.

"ಗಿರೀಶ, ಇದನ್ನ ಸರಿಯಾಗಿ ಹೇಳಪ್ಪ ಅವ್ರಿಗೆ. ಉಸಿರೇ ನಿಂತ್ಹೋಗತ್ತೆ. ನಾನು ತಟ್ಟಿ ಎಬ್ಬಿಸಿದ್ಮೇಲೇ ವಾಪಸ್ ಬರೋದು. ಹಗಲು ಹೊತ್ತು ಸಿಗ್ನಲ್ಲಲ್ಲಿ ಕಾರ್ ನಿಂತ್ರೂ ಕಣ್ಣು ಮುಚ್ಕೊಂಡ್ಬಿಡ್ತಾರೆ. ನಂಗೆ ಭಯ ಆಗತ್ತೆ ಕಣೋ."

ನಿಮಗೆ ಹಿಡಿಯಲಾಗದ ವೇಗದ ಇಂಗ್ಲಿಷಿನಲ್ಲಿ ನಾನು ಡೆನಿಸ್‌ಗೆ ಹೇಳಿದ್ದಿಷ್ಟು: ಚೆನ್ನಾಗಿ ಮಲಗುತ್ತಾರಂತೆ. ಗೊರಕೆ ಎಲ್ಲರ ಮನೆಯಲ್ಲಿರುವಷ್ಟೇ. ಆ ವಾರ ಮನೆಯಲ್ಲಿ ಪೂಜೆಯಿತ್ತು, ಓಡಾಡಿ ದಣಿದಿದ್ದರಂತೆ.

ಅವರು ಅಷ್ಟುದ್ದ ಹೇಳಿದರಲ್ಲ ಎಂದಳು ಅವಳು. ನಮ್ಮ ಭಾಷೆಯೇ ಹಾಗೆ ಎಂದು ನಕ್ಕೆ. ಅವಳೂ ನಕ್ಕಳು. ನಾವಿಬ್ಬರೂ ನಗುವುದನ್ನು ಕಂಡು, ಸದ್ಯ, ಹೆದರುವಂಥದ್ದೇನೂ ಇಲ್ಲವೆಂದುಕೊಂಡು, ನೀವೂ ನಕ್ಕಿರಿ. ಅಯ್ಯೋ ಅಕ್ಕ, ನೀವು ನಕ್ಕಿರಿ!

ಅವರ ಕೆಲಸ ಉಳಿಸಲು ಹಾಗೆ ಮಾಡಿದೆ ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಿದ್ದೆಯಲ್ಲಿ ಉಸಿರು ಕಟ್ಟುವುದಕ್ಕೆ ಚಿಕಿತ್ಸೆಯಿದೆ. ರಾತ್ರಿ ಗಾಳಿಯೊತ್ತುವ ಯಂತ್ರದ ಮಾಸ್ಕ್ ಹಾಕಿಕೊಂಡು ಮಲಗಿ, ಪರೀಕ್ಷೆಯಲ್ಲಿ ಸರಿಯೆನಿಸಿಕೊಂಡು, ಮತ್ತೆ ರೈಲು ಓಡಿಸುವವರಿದ್ದಾರೆ. ಡೆನಿಸ್‌ಳನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ಕೇಳಲಿಲ್ಲ. ಮುಂದಿನ ಹಬ್ಬಕ್ಕೆ ನಾಲ್ಕು ಜನ ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಲಿ ಎಂಬ ಚಪಲ — ಹೇಳಿಸಿಕೊಂಡೆ ಕೂಡ, ಹಲ್ಲು ಕಿರಿದುಕೊಂಡು. ನಾವು ತಪ್ಪಿತಸ್ಥರನ್ನು ಹುಡುಕುವುದಿಲ್ಲ, ಇನ್ನೊಮ್ಮೆ ಆಗದಿರಲೆಂದು ಕಾರಣ ಹುಡುಕುತ್ತೇವೆ ಎಂದು ಅದೇ ಕೂಟದ ಮಕ್ಕಳ ಮುಂದೆ ಭಾಷಣ ಬಿಗಿದಿದ್ದೆ. ವರದಿಯಲ್ಲಿ ಚಾಲಕನ ಗಮನ ತಪ್ಪಿತು ಎಂದು ಬಂತು. ನಿದ್ದೆಯ ಮಾತೇ ಇಲ್ಲ. ಆ ಒಂದು ಮಾತಿದ್ದಿದ್ದರೆ ಬೇರೆ ಎಷ್ಟು ಚಾಲಕರಿಗೆ ಪರೀಕ್ಷೆಯಾಗುತ್ತಿತ್ತೋ. ಈಗಲೂ ಕೆಲಸಕ್ಕೆ ರೈಲಿನಲ್ಲಿ ಹೋಗಿಬರುವಾಗ ನನಗೆ ಸೀಟಿನಲ್ಲಿ ಕೂರಲಾಗುವುದಿಲ್ಲ. ನಿಲ್ದಾಣ ಹತ್ತಿರವಾದಂತೆ ಎದ್ದು, ಕಂಬಿ ಹಿಡಿದು, ವೇಗ ಇಳಿಯಿತೇ ಎಂದು ಪಾದದಲ್ಲೇ ಹುಡುಕುತ್ತೇನೆ.

ಲೋಕೇಶಣ್ಣ ಕೆಲಸಕ್ಕೆ ಮರಳಿದರು. ಮರುವರ್ಷ ಶಿಫ್ಟ್ ಮುಗಿಸಿ ಮನೆಗೆ ಬರುವಾಗ, ಹಾಡುಹಗಲಲ್ಲಿ, ಒಣಗಿದ ರಸ್ತೆಯಲ್ಲಿ, ಅವರ ಕಾರು ನೇರವಾಗಿ ಮರಕ್ಕೆ ಗುದ್ದಿತು. ಅವರ ಅಂತ್ಯಕ್ರಿಯೆ ಮುಗಿದ ಮೇಲೆ ನಾನೊಬ್ಬನೇ ಆ ಜಾಗಕ್ಕೆ ಹೋಗಿ ನೋಡಿದೆ. ಬ್ರೇಕ್ ಹಾಕಿದ ಗುರುತು ಇರಲಿಲ್ಲ.

ಇಷ್ಟಾದರೂ ಬಾಯಿ ಬಿಡಲಿಲ್ಲ. ಕಳೆದ ತಿಂಗಳು ಅವರ ತಿಥಿಯ ದಿನ, ಊಟವಾದ ಮೇಲೆ ಅವರ ನಿದ್ದೆಯ ಮಾತು ಬಂದು, ಮೇಘಾ ನಿಮ್ಮ ಮೇಲೆ ಹರಿಹಾಯ್ದಳು. "ಯೂ ನ್ಯೂ, ಅಮ್ಮಾ! ವೈ ಡಿಡಂಟ್ ಯೂ ಟೆಲ್ ಎನಿಒನ್?"

"ಹೇಳಿದ್ದೆ ಕಣೇ! ಅಷ್ಟು ದೊಡ್ಡ ಆಫೀಸ್ನೋರು ಕರೆಸಿ ಕೇಳಿದ್ರು, ಎಲ್ಲಾ ಹೇಳ್ದೆ. ಏನಾದ್ರೂ ಇದ್ದಿದ್ರೆ ಬಿಡ್ತಿದ್ರಾ ಅವ್ರು? ಏನೂ ಇಲ್ಲ ಅಂತ್ಲೇ ತಾನೆ ವಾಪಸ್ ಕೆಲಸಕ್ಕೆ ಹಾಕಿದ್ದು? ಅದಕ್ಕೇ ನಾನು ಸುಮ್ನಾದೆ."

ಅವಳು ನನ್ನ ಕಡೆ ತಿರುಗಿದಳು. "ಅಂಕಲ್, ಯೂ ವರ್ ದೇರ್. ಡಿಡ್ ಶೀ?"

ನನ್ನ ಕೈಯಲ್ಲಿ ಮಜ್ಜಿಗೆಯ ಲೋಟವಿತ್ತು. "ಏನೇನೋ ಕೇಳಿದ್ರಮ್ಮ..." ಎಂದೆ. "ಎಷ್ಟು ವರ್ಷ ಆಯ್ತು. ಸರಿಯಾಗಿ ನೆನಪಿಲ್ಲ."

ನೀವು ಬೈಯಲಿಲ್ಲ. "ಪಾಪ, ಅವನಿಗೇನು ನೆನಪಿರತ್ತೆ, ದಿನಾ ಇಂಥವು ನೋಡ್ತಾನೆ" ಎಂದು ನನ್ನ ಪರವಾಗಿಯೇ ಮಾತಾಡಿದಿರಿ. ಮೇಘಾ ಕೋಟು ಎತ್ತಿಕೊಂಡು ಹೊರಟುಹೋದಳು. ಅಂದಿನಿಂದ ನಿಮ್ಮ ಫೋನ್ ಎತ್ತುತ್ತಿಲ್ಲವೆಂದು ನನ್ನ ಹತ್ತಿರವೇ ಅತ್ತಿರಿ. ಮೊನ್ನೆಯಂತೂ, "ನಾನೇ ಹೇಳ್ಲಿಲ್ವೇನೋ ಗಿರೀಶ, ಗಾಬರೀಲಿ ಬಿಟ್ಬಿಟ್ನೇನೋ" ಎಂದಿರಿ. ಆ ಮಾತಿನ ಮೇಲೆ ನನಗೆ ಮನೆಯಲ್ಲಿ ಕಾಲು ನಿಲ್ಲುತ್ತಿಲ್ಲ. ಅವರನ್ನು ಕಳೆದುಕೊಂಡದ್ದು ಸಾಲದೆ, ಹೇಳಿದ ಸತ್ಯವನ್ನೂ ನಿಮ್ಮಿಂದ ಕಿತ್ತುಕೊಂಡೆ. ಥೂ ನನ್ನ ಜನ್ಮಕ್ಕೆ.

ನಾಳೆ ಡೆನಿಸ್ ಎದುರು ಕೂತು, ಅಂದು ನೀವಂದ ಮಾತನ್ನು ಅಂದ ಹಾಗೆಯೇ ಹೇಳುತ್ತೇನೆ. ಕೆಲಸ ಹೋಗುತ್ತದೆ, ಹೋಗಲಿ. ಆದರೆ ಅದು ನಾಳೆಯ ಮಾತು. ಅವಳಿಗಿಂತ ಮೊದಲು ಕೇಳಬೇಕಾದವಳು ಈ ಮನೆಯೊಳಗಿದ್ದಾಳೆ.

ಫೋನ್ ಹೊಡೆದುಕೊಂಡಿತು. ನೀವೇ.

"ಏನೋ ಇದು, ಕಾರಲ್ಲೇ ಕೂತಿದೀಯಾ? ಆಗ್ಲಿಂದ ಕಿಟಕೀಲಿ ನೋಡ್ತಿದೀನಿ. ಬಾರೋ ಒಳಗೆ, ಉಪ್ಪಿಟ್ಟು ಆರ್ಹೋಗತ್ತೆ. ಇವಳು ಬೇರೆ ಹೊರಟು ನಿಂತಿದಾಳೆ."

"ಅವಳನ್ನ ಒಂದು ನಿಮಿಷ ನಿಲ್ಸಿ ಅಕ್ಕ" ಎಂದೆ.

ಇಂಜಿನ್ ಆರಿಸಿದೆ. ಉಪ್ಪಿಟ್ಟು ಮುಟ್ಟುವುದಿಲ್ಲ, ಕೂರುವುದೂ ಇಲ್ಲ. ಕೂತರೆ ಮತ್ತೆ ಸುತ್ತಿ ಬಳಸಿ ಮಾತಾಡುತ್ತೇನೆ. ಅಂದು ನೀವು ನನ್ನ ಮುಖ ನೋಡಿದ ಹಾಗೆ, ಬಾಗಿಲಲ್ಲೇ ನಿಂತು ನಿಮ್ಮ ಮುಖ ನೋಡುತ್ತ ಮೇಘಾಗೆ ಹೇಳುತ್ತೇನೆ. ಅವಳಿಗೆ ಒಂದಿಷ್ಟೂ ತಪ್ಪಾಗದಂತೆ, ಅಂದೇ ಹೇಳಬೇಕಿದ್ದ ಇಂಗ್ಲಿಷಿನಲ್ಲೇ ಹೇಳುತ್ತೇನೆ — ನಿಮ್ಮಮ್ಮ ಎಲ್ಲವನ್ನೂ ಹೇಳಿದ್ದರು. ಹೇಳದವನು ನಾನು.